ಎಣ್ಣೆ ತಾಳೆಯ ಹೂ ದುಂಬಿ: ಎಲ್ಲೆಲ್ಲಿದೆ, ಯಾವ ಗಿಡ ಅದರ ತವರು ಎಂದು ನೀವೇ ಪತ್ತೆ ಮಾಡುವ ಬಗೆ

ನನ್ನ ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಸಾಲನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದ್ದೇನೆ. ‘ಆಶ್ರಯ ಸಸ್ಯ: ತೆಂಗು’ ಅಂತ ಬರೆದಿದ್ದ ಸಾಲು ಅದು. ಭದ್ರಾ ಅಚ್ಚುಕಟ್ಟಿನ ಒಂದು ಎಣ್ಣೆ ತಾಳೆ ತೋಟದ ಬದುವಿನಲ್ಲಿ ಒಂಟಿ ತೆಂಗಿನ ಮರ ಇತ್ತು. ಗಿಡ್ಡ ತಳಿ, ಕೈಗೆಟಕುವ ಹೊಂಬಾಳೆ. ಅದರಲ್ಲಿ ಎಳ್ಳು ಕಾಳಿನಷ್ಟಿದ್ದ ಎರಡು ಮೂತಿ ದುಂಬಿ ಕೂತಿದ್ದವು. ನೋಡಿದೆ, ಬರೆದೆ, ಖುಷಿಪಟ್ಟೆ. ಆಮೇಲೆ ಅದೇ ಹೊಂಬಾಳೆಯ ಕಡ್ಡಿಗಳನ್ನು ತಂದು ಬಾಟಲಿಯಲ್ಲಿಟ್ಟು ಮೂರು ವಾರ ಕಾದೆ. ಒಂದೂ ದುಂಬಿ ಹುಟ್ಟಲಿಲ್ಲ. ಪಕ್ಕದ ಬಾಟಲಿಯಲ್ಲಿದ್ದ ಎಣ್ಣೆ ತಾಳೆಯ ಕಡ್ಡಿಗಳಿಂದ ಮಾತ್ರ ದಿನಾ ಹತ್ತಿಪ್ಪತ್ತು ಹೊರಬರುತ್ತಿದ್ದವು.

ಹೂವಿನ ಮೇಲೆ ಸಿಗುವ ದುಂಬಿಗಳ ವಿಷಯದಲ್ಲಿ ಎಲ್ಲರೂ ಎಡವುವುದು ಇಲ್ಲೇ. ದುಂಬಿಗೆ ನೆಂಟರ ಮನೆಯೂ ಇರುತ್ತದೆ, ತವರು ಮನೆಯೂ ಇರುತ್ತದೆ. ಬಂದು ಕೂತು, ಒಂದಿಷ್ಟು ಪರಾಗ ತಿಂದು ಹೋಗುವ ಹೂವು ನೆಂಟರ ಮನೆ. ಮೊಟ್ಟೆ ಇಟ್ಟು ಮರಿ ಬೆಳೆಯುವ ಗಿಡ ತವರು. ಕೀಟಶಾಸ್ತ್ರದವರು ಆಶ್ರಯ ಸಸ್ಯ ಅಂದಾಗ ಬಿಗಿಯಾದ ಅರ್ಥದಲ್ಲಿ ಹೇಳುವುದು ಎರಡನೆಯದನ್ನು. ಈ ಬರಹ ಪೂರ್ತಿ ಎರಡನ್ನೂ ಬೇರೆ ಬೇರೆ ಮಾಡುವ ಕೆಲಸದ ಬಗ್ಗೆ. ಉದಾಹರಣೆಗೆ ನಾನು ತೆಗೆದುಕೊಂಡಿರುವುದು ಎಣ್ಣೆ ತಾಳೆಯ ಪರಾಗಸ್ಪರ್ಶ ಮಾಡುವ ಮೂತಿ ದುಂಬಿ, ಎಲೈಡೋಬಿಯಸ್ ಕ್ಯಾಮರೂನಿಕಸ್. ಸಿಗುವುದು ಸುಲಭ, ಕಚ್ಚುವುದಿಲ್ಲ, ಎರಡು ವಾರದಲ್ಲಿ ಉತ್ತರ ಕೊಡುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ದುಂಬಿ ನನಗಂತೂ ಗೊತ್ತಿಲ್ಲ.

ಮೊದಲು ಅದು ಇಲ್ಲಿಗೆ ಬಂದ ಕಥೆ

ಹೆಸರಿನಲ್ಲೇ ಊರಿದೆ. ಕ್ಯಾಮರೂನ್ ಸೇರಿದಂತೆ ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಇದರ ಮೂಲ. ಎಣ್ಣೆ ತಾಳೆಯ ಮೂಲವೂ ಅದೇ. ಮರ ಮಾತ್ರ ಮಲೇಷ್ಯಾಕ್ಕೆ ಹೋಯಿತು, ದುಂಬಿ ಹೋಗಲಿಲ್ಲ. ತುಂಬಾ ವರ್ಷ ಅಲ್ಲಿನವರು ಈ ಮರಕ್ಕೆ ಗಾಳಿಯಿಂದಲೇ ಪರಾಗಸ್ಪರ್ಶ ಆಗುತ್ತದೆ ಎಂದುಕೊಂಡಿದ್ದರು. ಕಾಯಿ ಸರಿಯಾಗಿ ಕಟ್ಟದೆ ಇದ್ದಾಗ ಕೂಲಿಯವರನ್ನು ಹಚ್ಚಿ ಕೈಯಿಂದಲೇ ಪರಾಗ ಊದಿಸುತ್ತಿದ್ದರು. ಆಫ್ರಿಕಾದ ತೋಟಗಳನ್ನು ಕಂಡಿದ್ದ ಯೂನಿಲಿವರ್ ಕಂಪನಿಯ ಲೆಸ್ಲಿ ಡೇವಿಡ್‌ಸನ್ ಅವರಿಗೆ ಇದು ಕೀಟದ ಕೆಲಸವೇ ಇರಬೇಕು ಎಂಬ ಅನುಮಾನ ಬಂತು. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಕೀಟತಜ್ಞ ರಹಮಾನ್ ಸಯ್ಯದ್ ಕ್ಯಾಮರೂನಿಗೆ ಹೋಗಿ 1970ರ ದಶಕದ ಕೊನೆಯಲ್ಲಿ ಅದನ್ನು ಪಕ್ಕಾ ಮಾಡಿದರು. (ಇದೇ ಸಂಸ್ಥೆಯ ಭಾರತದ ಕೇಂದ್ರ 1957ರಲ್ಲಿ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲಿ.)

ಹೊರಗಿನ ಕೀಟವನ್ನು ಸುಮ್ನೆ ತಂದು ಬಿಡುವ ಹಾಗಿಲ್ಲ ಅಲ್ವಾ? ಅದು ಬೇರೆ ಬೆಳೆಗೆ ಹತ್ತಿದರೆ ಗತಿ ಏನು? ಸಯ್ಯದ್ ಅದಕ್ಕೇ ಬೇರೆ ಬೇರೆ ಗಿಡಗಳ ಹೂವುಗಳ ಮೇಲೆ ಅದನ್ನು ಬಿಟ್ಟು ಪರೀಕ್ಷಿಸಿದರು. ಎಣ್ಣೆ ತಾಳೆಯ ಗಂಡು ಹೂವಿನ ಹೊರತು ಅದು ಎಲ್ಲೂ ಸಂಸಾರ ಹೂಡಲಿಲ್ಲ. ಆಮೇಲೆ 1981ರಲ್ಲಿ ಮಲೇಷ್ಯಾದ ಜೊಹೋರ್ ರಾಜ್ಯದ ಒಂದು ತೋಟದಲ್ಲಿ ಬಿಟ್ಟರು. ಅದು ಎಷ್ಟು ಬೇಗ ಹರಡಿತೆಂದರೆ, ಕೈಯಿಂದ ಪರಾಗ ಊದುವ ಕೆಲಸವೇ ನಿಂತುಹೋಯಿತು.

ಭಾರತಕ್ಕೆ ಬಂದದ್ದು 1985ರಲ್ಲಿ, ಕೇರಳಕ್ಕೆ. ಅಲ್ಲಿನ ತೋಟಗಳಲ್ಲಿ ಕಾಯಿ ಕಟ್ಟುವ ಪ್ರಮಾಣ ಸುಮಾರು ಶೇ 37ರಿಂದ ಶೇ 56ಕ್ಕೆ ಏರಿತು. ಅಲ್ಲಿಂದ ಮುಂದೆ ಎಣ್ಣೆ ತಾಳೆ ಹೋದ ಕಡೆಗೆ ದುಂಬಿಯನ್ನೂ ಒಯ್ದರು. ದೇಶದ ಬೆಳೆಯ ಬಹುಪಾಲು ಇರುವುದು ಆಂಧ್ರ ಮತ್ತು ತೆಲಂಗಾಣದಲ್ಲಿ. ಕರ್ನಾಟಕದಲ್ಲಿ ಭದ್ರಾ ಅಚ್ಚುಕಟ್ಟಿನ ಶಿವಮೊಗ್ಗ–ದಾವಣಗೆರೆ ಸೀಮೆ, ಮೈಸೂರು ಕಡೆ, ತುಂಗಭದ್ರಾ ಅಚ್ಚುಕಟ್ಟಿನ ಗಂಗಾವತಿ ಸುತ್ತಮುತ್ತ ತೋಟಗಳಿವೆ. 2021ರಲ್ಲಿ ಕೇಂದ್ರ ಸರ್ಕಾರ ಎಣ್ಣೆ ತಾಳೆಗೆಂದೇ ಮಿಷನ್ ಶುರು ಮಾಡಿದ ಮೇಲೆ ಹೊಸ ಜಾಗಗಳಲ್ಲೂ ಸಸಿ ನೆಟ್ಟಿದ್ದಾರೆ. ಹೊಸ ತೋಟ ಅಂದರೆ ಹೊಸ ಪ್ರಶ್ನೆ: ಮರ ಬಂತು, ದುಂಬಿ ಬಂತಾ?

ಹೆಜ್ಜೆ 1: ಹೆಸರು ಗಟ್ಟಿ ಮಾಡಿಕೊಳ್ಳಿ

ಗಿಡದ ಹೆಸರಿನಿಂದ ಶುರು ಮಾಡೋಣ. ‘ತಾಳೆ’ ಅಂತಷ್ಟೇ ಬರೆದರೆ ಕನ್ನಡದಲ್ಲಿ ಮೂರು ಗಿಡ ಎದ್ದು ನಿಲ್ಲುತ್ತವೆ. ಒಂದು, ತಾಟಿನುಂಗು ಕೊಡುವ ತಾಳೆಮರ, ಬೊರಾಸಸ್. ಎರಡು, ಮುಡಿಗೆ ಮುಡಿಯುವ ತಾಳೆ ಹೂ, ಅಂದರೆ ಕೇದಗೆ, ಪಂಡಾನಸ್. ಅದು ತಾಳೆಯ ಕುಟುಂಬಕ್ಕೇ ಸೇರಿಲ್ಲ. ಮೂರು, ನಮ್ಮ ಎಣ್ಣೆ ತಾಳೆ, ಎಲೈಸ್ ಗಿನೀನ್ಸಿಸ್. ದಾಖಲೆಯಲ್ಲಿ ‘ತಾಳೆ ಹೂವಿನಲ್ಲಿ ಸಿಕ್ಕಿತು’ ಅಂತ ಬರೆದರೆ ಓದುವವರು ಕೇದಗೆ ಬನದಲ್ಲಿ ಹುಡುಕಿಕೊಂಡು ಹೋಗಬಹುದು. ಊರಿನ ಹೆಸರು ಬರೆಯಿರಿ, ಜೊತೆಗೆ ವೈಜ್ಞಾನಿಕ ಹೆಸರನ್ನೂ ಬರೆಯಿರಿ.

ಇನ್ನು ದುಂಬಿ. ಕವಿತೆಯಲ್ಲಿ ದುಂಬಿ ಅಂದರೆ ಝೇಂಕರಿಸುವ ಜೇನಿನ ಜಾತಿ. ನಾವು ಹೇಳುವುದು ಮುಂದಿನ ರೆಕ್ಕೆ ಚಿಪ್ಪಿನಂತೆ ಗಟ್ಟಿಯಾಗಿ, ಬೆನ್ನ ಮೇಲೆ ನಡುವೆ ನೇರ ಗೆರೆಯಲ್ಲಿ ಕೂಡುವ ಕೀಟವನ್ನು. ಎಲೈಡೋಬಿಯಸ್ 2ರಿಂದ 4 ಮಿಲಿಮೀಟರ್ ಉದ್ದ, ಕಂದು ಕಪ್ಪು ಬಣ್ಣ. ಮುಖದ ಮುಂದೆ ಆನೆಯ ಸೊಂಡಿಲಿನಂಥ ಮೂತಿ. ಆ ಮೂತಿಯ ಮೇಲೆ ಮೊಣಕೈಯಂತೆ ಬಾಗಿದ ಮೀಸೆ, ಮೀಸೆಯ ತುದಿಯಲ್ಲಿ ಸಣ್ಣ ಗಂಟು. ಹೆಣ್ಣಿಗೆ ಮೂತಿ ಉದ್ದ, ಮೈ ಸಪೂರ. ಗಂಡು ಸ್ವಲ್ಪ ದಪ್ಪ. ಗಂಡಿನ ರೆಕ್ಕೆಚಿಪ್ಪಿನ ಬುಡದಲ್ಲಿ ಎರಡು ಉಬ್ಬು, ಅಂಚಿನಲ್ಲಿ ಕೂದಲಿನ ಸಾಲು. 10 ಪಟ್ಟು ದೊಡ್ಡದು ಮಾಡುವ ಕೈ ಲೆನ್ಸ್ ಇದ್ದರೆ ಇವೆಲ್ಲ ಕಾಣುತ್ತವೆ.

ಮೂತಿ ದುಂಬಿ ಎಂದ ಕೂಡಲೇ ತೋಟದವರು ಹೌಹಾರುವುದುಂಟು. ಅವರ ಕಣ್ಣ ಮುಂದೆ ಬರುವುದು ತೆಂಗಿನ ಕಾಂಡ ಕೊರೆದು ಮರ ಉರುಳಿಸುವ ಕೆಂಪು ಮೂತಿ ಹುಳು. ಅದು ಹೆಬ್ಬೆರಳ ತುದಿಯಷ್ಟು ದೊಡ್ಡದು, ಇದು ಎಳ್ಳು. ತೋಟಕ್ಕೆ ಹೋಗುವ ಮೊದಲೇ ಇದನ್ನು ಹೇಳಿಬಿಡಿ. ಇಲ್ಲದಿದ್ದರೆ ನೀವು ಎಣಿಸಿ ಬಂದ ಮಾರನೆಯ ದಿನ ಅಲ್ಲಿ ಔಷಧಿ ಹೊಡೆದಿರುತ್ತಾರೆ.

ಅದೇ ಕುಲದಲ್ಲಿ ಇನ್ನೂ ಕೆಲವು ಜಾತಿಗಳಿವೆ. ಆಫ್ರಿಕಾದಲ್ಲಿ ಒಂದೇ ಹೊಂಬಾಳೆಯಲ್ಲಿ ಎರಡು ಮೂರು ಜಾತಿ ಒಟ್ಟಿಗೆ ಇರುತ್ತವೆ. ದಕ್ಷಿಣ ಅಮೆರಿಕದ ತೋಟಗಳಲ್ಲಿ ಎಲೈಡೋಬಿಯಸ್ ಸಬ್‌ವಿಟ್ಟಾಟಸ್ ಎಂಬುದು ಮೊದಲೇ ಇತ್ತು, ಜೊತೆಗೆ ಮಿಸ್ಟ್ರಾಪ್ಸ್ ಎಂಬ ಮೂತಿ ಇಲ್ಲದ ಪುಟ್ಟ ದುಂಬಿಯೂ ಇತ್ತು. ಹಾಗಾಗಿ ಹೊರದೇಶದ ಹಳೆಯ ದಾಖಲೆಯಲ್ಲಿ ಬರೀ ಕುಲದ ಹೆಸರು ಕಂಡರೆ ಅದನ್ನು ನಿಮ್ಮ ನಕ್ಷೆಗೆ ಸೇರಿಸಬೇಡಿ.

ಹೆಜ್ಜೆ 2: ದುಂಬಿಯ ನಕ್ಷೆಗಿಂತ ಮೊದಲು ಮರದ ನಕ್ಷೆ

ಒಂದೇ ಗಿಡವನ್ನು ನಂಬಿ ಬದುಕುವ ಕೀಟ ಆ ಗಿಡ ಇಲ್ಲದ ಕಡೆ ನೆಲೆ ನಿಲ್ಲುವುದಿಲ್ಲ. ಆದ್ದರಿಂದ ನಿಮ್ಮ ತಾಲ್ಲೂಕಿನಲ್ಲಿ ಎಣ್ಣೆ ತಾಳೆ ಎಲ್ಲೆಲ್ಲಿದೆ ಎಂದು ಗುರುತು ಹಾಕಿದರೆ ಅರ್ಧ ಕೆಲಸ ಮುಗಿಯಿತು. ತೋಟಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ಬೆಳೆಗಾರರಿರುವ ಹಳ್ಳಿಗಳ ಮಾಹಿತಿ ಕೇಳಿ. ಹಣ್ಣು ಕೊಳ್ಳುವ ಕೇಂದ್ರದಲ್ಲಿ ಹತ್ತು ನಿಮಿಷ ನಿಂತರೂ ಸಾಕು, ಯಾವ ಊರಿನ ಟ್ರ್ಯಾಕ್ಟರ್ ಬರುತ್ತದೆ ಎಂಬುದು ಗೊತ್ತಾಗುತ್ತದೆ.

ನಕ್ಷೆಯಲ್ಲಿ ತೋಟದ ವಯಸ್ಸನ್ನೂ ಬರೆದುಕೊಳ್ಳಿ. ಇದು ತುಂಬಾ ಮುಖ್ಯ. ನಮ್ಮಲ್ಲಿ ಗಿಡ ಬಲಿಯಲಿ ಎಂದು ಮೊದಲ ಎರಡೂವರೆ ಮೂರು ವರ್ಷ ಬರುವ ಹೂಗೊಂಚಲನ್ನೆಲ್ಲ ಕಿತ್ತು ಹಾಕುತ್ತಾರೆ. ಆ ವಯಸ್ಸಿನ ತೋಟದಲ್ಲಿ ನೂರಾರು ಮರ ಇದ್ದರೂ ದುಂಬಿಯ ಪಾಲಿಗೆ ಅದು ಬಯಲು. ಅಂಥ ಕಡೆ ಹೋಗಿ ‘ಇಲ್ಲ’ ಅಂತ ಬರೆದು ಬಂದರೆ ತಪ್ಪು ನಿಮ್ಮದು, ದುಂಬಿಯದಲ್ಲ.

ಆಮೇಲೆ ನಕ್ಷೆಯ ಮೇಲೆ ಚೌಕ ಹಾಕಿ. 5 ಕಿಲೋಮೀಟರ್‌ಗೆ 5 ಕಿಲೋಮೀಟರ್ ಅಳತೆ ಒಬ್ಬರೇ ಬೈಕಿನಲ್ಲಿ ಮಾಡುವ ಕೆಲಸಕ್ಕೆ ಸರಿಹೋಗುತ್ತದೆ. ಪ್ರತಿ ಚೌಕದಲ್ಲಿ ಹೂ ಬಿಡುವ ವಯಸ್ಸಿನ ಒಂದಾದರೂ ತೋಟ ಆರಿಸಿ. ಒಂಟಿಯಾಗಿ ದೂರದಲ್ಲಿರುವ ತೋಟಗಳನ್ನು ಬಿಡಬೇಡಿ. ನಿಜವಾದ ಸುದ್ದಿ ಇರುವುದು ಅಲ್ಲೇ.

ಹೆಜ್ಜೆ 3: ಚೀಲಕ್ಕೆ ಏನೇನು

ಕೈ ಲೆನ್ಸ್, ಕತ್ತರಿ ಅಥವಾ ಸಣ್ಣ ಕುಡುಗೋಲು, ತಿಂಡಿ ಕಟ್ಟುವ ಪಾರದರ್ಶಕ ಕವರ್‌ಗಳು, ರಬ್ಬರ್ ಬ್ಯಾಂಡ್, ಅಗಲ ಬಾಯಿಯ ಬಾಟಲಿ, ತೆಳು ಬಟ್ಟೆ, ಮೆದು ಬ್ರಷ್, ಪೆನ್ಸಿಲ್, ನೋಟ್‌ಬುಕ್, ಸಣ್ಣ ಶೀಶೆಯಲ್ಲಿ ಶೇ 70ರ ಆಲ್ಕೋಹಾಲ್. ಫೋನಿನಲ್ಲಿ ಜಿಪಿಎಸ್ ಇದ್ದೇ ಇರುತ್ತದೆ. ಗಮ್ ಬೂಟು ಮತ್ತು ದಪ್ಪ ಕೈಗವಸು ಬೇಕೇ ಬೇಕು. ಎಣ್ಣೆ ತಾಳೆಯ ಗರಿಯ ತೊಟ್ಟಿನಲ್ಲಿ ಮುಳ್ಳಿದೆ, ಕಡಿದು ಹಾಕಿದ ಗರಿಗಳ ರಾಶಿಯಲ್ಲಿ ಹಾವು ಇರಬಹುದು.

ಹೆಜ್ಜೆ 4: ಸರಿಯಾದ ಹೂವು, ಸರಿಯಾದ ಹೊತ್ತು

ಎಣ್ಣೆ ತಾಳೆಯ ಒಂದೇ ಮರದಲ್ಲಿ ಗಂಡು ಹೊಂಬಾಳೆಯೂ ಬರುತ್ತದೆ, ಹೆಣ್ಣು ಹೊಂಬಾಳೆಯೂ ಬರುತ್ತದೆ. ಆದರೆ ಸಾಮಾನ್ಯವಾಗಿ ಒಂದೇ ಕಾಲಕ್ಕಲ್ಲ. ಕೆಲವು ತಿಂಗಳು ಗಂಡು, ಕೆಲವು ತಿಂಗಳು ಹೆಣ್ಣು. ಪರಾಗ ಬೇರೆ ಮರದಿಂದಲೇ ಬರಬೇಕು. ಹಾಗಾಗಿ ಹೊತ್ತು ತರುವವರು ಬೇಕು.

ಗಂಡು ಹೊಂಬಾಳೆ ನೋಡಲು ಬೆರಳುಗಳ ಗೊಂಚಲಿನ ಹಾಗೆ. ನೂರರಿಂದ ಮುನ್ನೂರು ಕಡ್ಡಿ, ಒಂದೊಂದು ಕಡ್ಡಿಯಲ್ಲೂ ನೂರಾರು ಪುಟ್ಟ ಹೂವು. ಕಡ್ಡಿಯ ಬುಡದಿಂದ ತುದಿಯ ಕಡೆಗೆ ಅರಳುತ್ತಾ ಹೋಗುತ್ತವೆ. ಪೂರ್ತಿ ಮುಗಿಯಲು ನಾಲ್ಕೈದು ದಿನ ಬೇಕು. ನಿಮಗೆ ಬೇಕಾದದ್ದು ಆ ನಾಲ್ಕೈದು ದಿನದೊಳಗಿನ ಹೊಂಬಾಳೆ. ಹಳದಿ ಪರಾಗ ಉದುರುತ್ತಿರಬೇಕು.

ಕಣ್ಣಿಗಿಂತ ಮೊದಲು ಮೂಗು ಹೇಳುತ್ತದೆ. ಅರಳಿದ ಗಂಡು ಹೊಂಬಾಳೆಯ ಹತ್ತಿರ ಹೋದರೆ ಹೋಟೆಲಿನ ಬಿಲ್ ತಟ್ಟೆಯಲ್ಲಿಡುವ ಬಡೇಸೋಪಿನ ವಾಸನೆ ಗಮ್ಮೆನ್ನುತ್ತದೆ. ಆ ವಾಸನೆಯ ವಸ್ತು ಎಸ್ಟ್ರಗೋಲ್. ಬಡೇಸೋಪಿನಲ್ಲೂ ಇದೆ, ಕಾಮಕಸ್ತೂರಿಯಲ್ಲೂ ಇದೆ. ದುಂಬಿಗಳನ್ನು ಕರೆಯುವುದು ಇದೇ. ಇದರಲ್ಲೊಂದು ಮೋಸವೂ ಇದೆ. ಹೆಣ್ಣು ಹೊಂಬಾಳೆ ಕೂಡ ಅದೇ ವಾಸನೆ ಬಿಡುತ್ತದೆ, ಆದರೆ ಅಲ್ಲಿ ದುಂಬಿಗೆ ತಿನ್ನಲು ಇಲ್ಲ, ಮೊಟ್ಟೆ ಇಡಲು ಜಾಗ ಇಲ್ಲ. ಮೈಗೆ ಪರಾಗ ಮೆತ್ತಿಕೊಂಡು ಬಂದ ದುಂಬಿ ಅಷ್ಟು ಹೊತ್ತು ಅಲೆದಾಡಿ, ಪರಾಗ ಉದುರಿಸಿ, ಬರಿಗೈಲಿ ಹೊರಡುತ್ತದೆ. ನೆಂಟರ ಮನೆ ಎಂದೆನಲ್ಲ, ಇಲ್ಲಿ ಅದು ಊಟ ಹಾಕದ ನೆಂಟರ ಮನೆ. ಒಂದೇ ಮರ, ಒಂದೇ ವಾಸನೆ, ಆದರೂ ತವರು ಗಂಡು ಹೂವು ಮಾತ್ರ. ದಾಖಲೆಯಲ್ಲಿ ಗಿಡದ ಹೆಸರು ಬರೆದರೆ ಸಾಲದು, ಯಾವ ಹೂವು ಎಂದೂ ಬರೆಯಬೇಕು ಎನ್ನುವುದು ಇದಕ್ಕೇ.

ಹೆಣ್ಣು ಹೂವಿನ ತುದಿ ಕೆನೆ ಬಿಳುಪಾಗಿದ್ದಾಗ ಪರಾಗ ಹಿಡಿಯುತ್ತದೆ. ಆಮೇಲೆ ನಸುಗೆಂಪು, ಕೊನೆಗೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ನೇರಳೆ ಆದ ಮೇಲೆ ಅಲ್ಲಿ ಕಾದು ಕೂತು ಪ್ರಯೋಜನ ಇಲ್ಲ.

ಹೊತ್ತಿನ ಮಾತು: ಇಬ್ಬನಿ ಆರಿ ಬಿಸಿಲು ಏರಿದ ಮೇಲೆ ಹೋಗಿ. ನಾನು ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರ ಒಳಗೆ ಎಣಿಕೆ ಮುಗಿಸುತ್ತೇನೆ. ಜಡಿಮಳೆಯ ದಿನ ಹೋಗಬೇಡಿ. ಮಳೆಯಲ್ಲಿ ಅವು ಕಡ್ಡಿಗಳ ಸಂದಿಯಲ್ಲಿ ಅಡಗಿಕೊಂಡು ಓಡಾಟ ಕಡಿಮೆ ಮಾಡುತ್ತವೆ, ಲೆಕ್ಕ ತಪ್ಪುತ್ತದೆ.

ಹೆಜ್ಜೆ 5: ಎಣಿಕೆ

ಹೊಂಬಾಳೆಯನ್ನು ಅಲುಗಾಡಿಸಬೇಡಿ. ಒಂದು ಸಲ ಅಲುಗಾಡಿದರೆ ಅರ್ಧಕ್ಕರ್ಧ ಹಾರಿಹೋಗುತ್ತವೆ, ಮಿಕ್ಕವು ಸತ್ತಂತೆ ಕೆಳಗೆ ಬೀಳುತ್ತವೆ. ಒಂದು ಕಡ್ಡಿಯನ್ನು ಆರಿಸಿ, ತುದಿಯಿಂದ ಮೆಲ್ಲಗೆ ಕವರ್ ಇಳಿಸಿ, ಬುಡದಲ್ಲಿ ಬಾಯಿ ಹಿಡಿದು ಕಡ್ಡಿಯನ್ನು ಕತ್ತರಿಸಿ. ಕವರಿನ ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ. ಹೀಗೆ ಹೊಂಬಾಳೆಯ ಮೇಲ್ಭಾಗದಿಂದ ಮೂರು, ನಡುವಿನಿಂದ ಮೂರು, ಕೆಳಗಿನಿಂದ ಮೂರು. ಒಟ್ಟು ಒಂಬತ್ತು ಕಡ್ಡಿ.

ನೆರಳಿಗೆ ಬಂದು ಒಂದೊಂದೇ ಕವರ್ ಬಿಚ್ಚಿ ಎಣಿಸಿ. ಮೊದಲ ಸಲ ನಾನು ಬಿಚ್ಚಿದಾಗ ಕವರಿನ ಒಳಗೆ ಹಳದಿ ಹಿಟ್ಟು ಹರಡಿದಂತೆ ಪರಾಗ, ಅದರಲ್ಲಿ ಓಡಾಡುವ ದುಂಬಿಗಳ ಹಿಂದೆ ಸಣ್ಣ ಸಣ್ಣ ಗೀರುಗಳು. ಒಂದು ದುಂಬಿಯನ್ನು ಲೆನ್ಸಿನಲ್ಲಿ ನೋಡಿದರೆ ಕಾಲಿನ ಸಂದಿ, ಹೊಟ್ಟೆಯ ಅಡಿ, ಮೂತಿಯ ಬುಡ, ಎಲ್ಲಾ ಕಡೆ ಹಳದಿ ಕಣ. ಜೋಳದ ಹಿಟ್ಟಿನ ಗಿರಣಿಯಿಂದ ಹೊರಬಂದವನ ಹಾಗೆ.

ಲೆಕ್ಕ ಸುಲಭ. ಒಂಬತ್ತು ಕಡ್ಡಿಯಲ್ಲಿ ಒಟ್ಟು 270 ದುಂಬಿ ಸಿಕ್ಕವು ಅನ್ನಿ. ಕಡ್ಡಿಗೆ ಸರಾಸರಿ 30. ಹೊಂಬಾಳೆಯಲ್ಲಿ 150 ಕಡ್ಡಿ ಇದ್ದರೆ ಹೊಂಬಾಳೆಗೆ ಸುಮಾರು 4,500. ತೋಟದಲ್ಲಿ ಆ ದಿನ ಅರಳಿರುವ ಗಂಡು ಹೊಂಬಾಳೆ ಎಷ್ಟು ಎಂದು ಸುತ್ತಾಡಿ ಎಣಿಸಿದರೆ ಇಡೀ ತೋಟದ ಅಂದಾಜು ಸಿಗುತ್ತದೆ. ಎಣಿಸಿದ ಮೇಲೆ ಮಾದರಿಗೆ ಐದಾರು ಇಟ್ಟುಕೊಂಡು ಉಳಿದವನ್ನು ಬಿಟ್ಟುಬಿಡಿ.

ಹೆಜ್ಜೆ 6: ಬಾಟಲಿ ಪರೀಕ್ಷೆ

ಇಲ್ಲಿಯವರೆಗೆ ನೀವು ತೋರಿಸಿದ್ದು ‘ಈ ಹೂವಿಗೆ ಈ ದುಂಬಿ ಬರುತ್ತದೆ’ ಎಂದಷ್ಟೇ. ಅದು ಅಲ್ಲೇ ಹುಟ್ಟುತ್ತದೆ ಎಂದು ತೋರಿಸಲು ಬಾಟಲಿ ಬೇಕು.

ಹೆಣ್ಣು ದುಂಬಿ ಗಂಡು ಹೂವಿನಲ್ಲಿ ಮೂತಿಯಿಂದ ತೂತು ಮಾಡಿ ಮೊಟ್ಟೆ ಇಡುತ್ತದೆ. ಮರಿಹುಳು ತಿನ್ನುವುದು ಅರಳಿ ಮುಗಿದ ಹೂವಿನ ಮೆತ್ತನೆಯ ಒಳಭಾಗವನ್ನು. ಒಂದು ಖಾಲಿಯಾದರೆ ಪಕ್ಕದ್ದಕ್ಕೆ ಹೋಗುತ್ತದೆ. ಅಲ್ಲೇ ಕೋಶವಾಗಿ, ದುಂಬಿಯಾಗಿ, ಸಣ್ಣ ತೂತು ಕೊರೆದು ಹೊರಬರುತ್ತದೆ. ಮೊಟ್ಟೆಯಿಂದ ದುಂಬಿಯವರೆಗೆ ಹೆಚ್ಚು ಕಡಿಮೆ ಎರಡು ವಾರ. ಮರಕ್ಕೆ ಇದರಿಂದ ನಷ್ಟ ಏನೂ ಇಲ್ಲ. ಪರಾಗ ಉದುರಿಸಿದ ಹೂವು ಹೇಗೂ ಒಣಗಿ ಬೀಳುವಂಥದ್ದೇ.

ಆದ್ದರಿಂದ ಎಣಿಸಿದ ಹೊಂಬಾಳೆಗೆ ಒಂದು ದಾರ ಕಟ್ಟಿ, ತಾರೀಕು ಬರೆದು ಬನ್ನಿ. ಒಂದು ವಾರ ಬಿಟ್ಟು ಹೋಗಿ, ಕಂದು ಬಣ್ಣಕ್ಕೆ ತಿರುಗಿದ ಹತ್ತು ಕಡ್ಡಿ ಕತ್ತರಿಸಿ ತನ್ನಿ. ಅದರ ಮೇಲೆ ಓಡಾಡುತ್ತಿರುವ ದುಂಬಿಗಳನ್ನೆಲ್ಲ ಬ್ರಷ್‌ನಿಂದ ಝಾಡಿಸಿ. ಇದನ್ನು ಮರೆತರೆ ಪರೀಕ್ಷೆಯೇ ಹಾಳು. ಹೊರಗಿನಿಂದ ಬಂದದ್ದು ಯಾವುದು, ಒಳಗೆ ಹುಟ್ಟಿದ್ದು ಯಾವುದು ಎಂದು ಆಮೇಲೆ ಹೇಳಲಾಗುವುದಿಲ್ಲ. ಬಾಟಲಿಯ ತಳಕ್ಕೆ ಒಂದು ಹಾಳೆ ಹಾಸಿ, ಕಡ್ಡಿಗಳನ್ನು ಸಡಿಲವಾಗಿ ಇಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ. ನೆರಳಲ್ಲಿಡಿ. ದಿನಾ ಒಂದೇ ಹೊತ್ತಿಗೆ ನೋಡಿ, ಹೊರಬಂದವನ್ನು ಎಣಿಸಿ ತೆಗೆಯಿರಿ. ಮೂರು ವಾರ ಸಾಕು.

ನನ್ನ ಮೊದಲ ಬಾಟಲಿ ಬೂಷ್ಟು ಹಿಡಿದು ಹೋಯಿತು, ಹಸಿ ಕಡ್ಡಿಯನ್ನು ಒತ್ತಿ ತುಂಬಿದ್ದೆ. ಎರಡನೆಯದಕ್ಕೆ ಇರುವೆ ಮುತ್ತಿ ಒಳಗಿನ ಮರಿಹುಳುಗಳನ್ನೆಲ್ಲ ಎಳೆದುಕೊಂಡು ಹೋದವು. ಈಗ ಬಾಟಲಿಯನ್ನು ನೀರು ತುಂಬಿದ ತಟ್ಟೆಯಲ್ಲಿ ನಿಲ್ಲಿಸುತ್ತೇನೆ, ಬೆಲ್ಲದ ಡಬ್ಬಿ ಇಟ್ಟ ಹಾಗೆ.

ಬಾಟಲಿಗೆ ಕಾಯುವ ತಾಳ್ಮೆ ಇಲ್ಲವೇ? ಒಣಗಿದ ಕಡ್ಡಿಯನ್ನು ಉಗುರಿನಿಂದ ಸೀಳಿ ನೋಡಿ. ಅಕ್ಕಿ ನುಚ್ಚಿನಂಥ, ಕಾಲಿಲ್ಲದ, ಬಾಗಿದ ಮರಿಹುಳು ಕಂಡರೆ ಒಂದು ಮಟ್ಟಿಗೆ ಸಾಕ್ಷಿ ಸಿಕ್ಕಿತು. ಇಲಿ ಕಡಿದು ಚೂರು ಮಾಡಿದ ಕಡ್ಡಿಗಳು ಕಂಡರೂ ಗಮನಿಸಿ. ಇಲಿಗಳು ಈ ಮರಿಹುಳುಗಳಿಗಾಗಿಯೇ ಗಂಡು ಹೊಂಬಾಳೆಯನ್ನು ಕೆದಕುತ್ತವೆ. ಆದರೂ ಮರಿಹುಳು ಯಾವ ಜಾತಿಯದು ಎಂದು ಹೇಳಲು ಬಾಟಲಿಯಿಂದ ಬಂದ ದುಂಬಿಯೇ ಬೇಕು.

ಹೆಜ್ಜೆ 7: ಅಕ್ಕಪಕ್ಕದ ಗಿಡಗಳನ್ನೂ ಕೇಳಿ

ಅದೇ ದಿನ, ಅದೇ ತೋಟದ ಸುತ್ತ ಹೂ ಬಿಟ್ಟಿರುವ ತೆಂಗು, ಅಡಿಕೆ, ಈಚಲು, ಬೈನೆ ಇವುಗಳನ್ನು ನೋಡಿ. ಮೂರನ್ನು ಬೇರೆ ಬೇರೆ ಕಾಲಂನಲ್ಲಿ ಬರೆಯಿರಿ: ಕೂತಿತ್ತಾ, ತಿನ್ನುತ್ತಿತ್ತಾ, ಅದರಲ್ಲಿ ಹುಟ್ಟಿತಾ. ತೆಂಗಿನ ಹೊಂಬಾಳೆಯಲ್ಲಿ ಮೂತಿ ಇಲ್ಲದ ಚಪ್ಪಟೆ ದುಂಬಿಗಳು ಕಾಣಬಹುದು. ಅವು ಬೇರೆಯೇ ಕುಟುಂಬದವು. ಬೇರೆ ಜಾತಿಯ ಮೂತಿ ದುಂಬಿಯೂ ಸಿಗಬಹುದು, ಆದ್ದರಿಂದ ಲೆನ್ಸ್ ಹಾಕದೆ ಹೆಸರು ಹೇಳಬೇಡಿ.

ಎಣ್ಣೆ ತಾಳೆಗೆ ಅಮೆರಿಕದಲ್ಲೊಬ್ಬ ಸೋದರ ಇದೆ, ಎಲೈಸ್ ಒಲೈಫೆರಾ. ಇವೆರಡರ ಮಿಶ್ರತಳಿಯ ಹೂವಿಗೂ ಈ ದುಂಬಿ ಹೋಗುತ್ತದೆ, ಆದರೆ ಅಷ್ಟು ಮುಗಿಬೀಳುವುದಿಲ್ಲ. ತೋಟದಲ್ಲಿರುವುದು ಯಾವ ತಳಿ ಎಂದು ಕೇಳಿ ಬರೆದುಕೊಳ್ಳುವುದು ಒಳ್ಳೆಯದು.

ಈ ಮೂರು ಕಾಲಂ ಉಪಾಯ ಬೇರೆ ಹೂ ದುಂಬಿಗಳಿಗೆ ಇನ್ನೂ ಜಾಸ್ತಿ ಬೇಕಾಗುತ್ತದೆ. ತೊಗರಿ, ಬೆಂಡೆ, ದಾಸವಾಳದ ಹೂವು ತಿನ್ನುವ, ಕಪ್ಪು ಮೈಗೆ ಕೆಂಪು–ಕಿತ್ತಳೆ ಪಟ್ಟೆಯ, ಮುಟ್ಟಿದರೆ ಬೊಬ್ಬೆ ಏಳಿಸುವ ದುಂಬಿ ಗೊತ್ತಲ್ಲ, ಮೈಲಾಬ್ರಿಸ್. ಅದರ ಮರಿ ಹೂವಿನಲ್ಲಿ ಬೆಳೆಯುವುದೇ ಇಲ್ಲ. ಮಣ್ಣಿನೊಳಗೆ ಮಿಡತೆ ಇಟ್ಟ ಮೊಟ್ಟೆಗಳನ್ನು ತಿಂದು ಬೆಳೆಯುತ್ತದೆ. ಹೂಗಳ ಮೇಲೆ ಸಿಗುವ ಬಣ್ಣದ ಗೇಮೆಟಿಸ್ ದುಂಬಿಯ ಮರಿ ಇರುವುದು ಗೊಬ್ಬರದಂಥ ಕೊಳೆತ ಮಣ್ಣಿನಲ್ಲಿ. ಕೊತ್ತಂಬರಿ ಜಾತಿಯ ಹೂವಿನ ಮೇಲೆ ಚುಕ್ಕೆ ಚುಕ್ಕೆಯ, ಉರುಟಾದ, ಸಾಸಿವೆಗಿಂತ ಸ್ವಲ್ಪ ದೊಡ್ಡ ಆಂಥ್ರೀನಸ್ ಕೂತಿದ್ದರೆ, ಅದರ ತವರು ನಿಮ್ಮ ಟ್ರಂಕಿನಲ್ಲಿರುವ ಕಂಬಳಿಯೋ ಉಣ್ಣೆಯ ಶಾಲೋ ಆಗಿರಬಹುದು. ಕೊತ್ತಂಬರಿಯನ್ನು ಆಶ್ರಯ ಸಸ್ಯ ಎಂದು ಬರೆದರೆ ಅದು ನಗುತ್ತದೆ.

ಹೆಜ್ಜೆ 8: ‘ಇಲ್ಲ’ ಬೇರೆ, ‘ನೋಡಿಲ್ಲ’ ಬೇರೆ

ಈಗ ನಕ್ಷೆಗೆ ಬಣ್ಣ. ನಾನು ನಾಲ್ಕು ಗುರುತು ಬಳಸುತ್ತೇನೆ. ತುಂಬಿದ ಚುಕ್ಕೆ: ಬಾಟಲಿಯಲ್ಲಿ ಹುಟ್ಟಿ ಸಾಬೀತಾದದ್ದು. ಖಾಲಿ ಚುಕ್ಕೆ: ಹೂವಿನ ಮೇಲೆ ಕಂಡದ್ದು, ಹುಟ್ಟಿದ್ದು ಗೊತ್ತಿಲ್ಲ. ಅಡ್ಡ ಗೆರೆ: ಅರಳಿದ ಗಂಡು ಹೊಂಬಾಳೆಯನ್ನು ಬೇರೆ ಬೇರೆ ದಿನ ಮೂರು ಸಲ ನೋಡಿಯೂ ಸಿಗದಿದ್ದದ್ದು. ಏನೂ ಇಲ್ಲದ ಚೌಕ: ನಾನು ಹೋಗಿಲ್ಲ. ಕೊನೆಯ ಎರಡನ್ನು ಬೆರೆಸಿಬಿಟ್ಟರೆ ನಕ್ಷೆ ದುಂಬಿಯದಾಗುವುದಿಲ್ಲ, ನೀವು ಬೈಕಿನಲ್ಲಿ ಓಡಾಡಿದ ರಸ್ತೆಗಳದ್ದಾಗುತ್ತದೆ.

ಅಡ್ಡ ಗೆರೆ ಬಿದ್ದ ತೋಟದಲ್ಲಿ ಇನ್ನೊಂದು ಪರೀಕ್ಷೆ ಮಾಡಿ. ಕುಯ್ಲಾದ ಗೊನೆಯನ್ನು ಸೀಳಿ. ಪರಾಗ ಸಿಕ್ಕಿದ ಹಣ್ಣು ದಪ್ಪಗಿದ್ದು ಒಳಗೆ ಬೀಜ ಇರುತ್ತದೆ. ಸಿಗದವು ಸಣ್ಣಗೆ, ಜೊಳ್ಳಾಗಿ ಉಳಿಯುತ್ತವೆ. ಆದರೆ ಒಂದು ಎಚ್ಚರಿಕೆ. ಹೂವು ಗೊನೆಯಾಗಿ ಹಣ್ಣಾಗಲು ಐದಾರು ತಿಂಗಳು ಬೇಕು. ಜುಲೈನ ಮಳೆಯಲ್ಲಿ ಅರಳಿದ್ದು ಕುಯ್ಲಿಗೆ ಬರುವುದು ಡಿಸೆಂಬರ್–ಜನವರಿಗೆ. ಹಾಗಾಗಿ ಇಂದಿನ ಗೊನೆ ಹೇಳುವುದು ಅರ್ಧ ವರ್ಷದ ಹಿಂದಿನ ಸುದ್ದಿ. ದುಂಬಿ ಈಗ ಧಾರಾಳವಾಗಿದ್ದರೂ ಗೊನೆ ಜೊಳ್ಳಾಗಿರಬಹುದು, ಅದರ ಉಲ್ಟಾ ಕೂಡ ಆಗಬಹುದು. ಜೊಳ್ಳಿಗೆ ನೀರಿನ ಕೊರತೆ, ಗಂಡು ಹೊಂಬಾಳೆಗಳೇ ಕಡಿಮೆ ಇರುವುದು, ಹೂವಿನ ಮೇಲೆ ಕೀಟನಾಶಕ ಹೊಡೆದದ್ದು ಕೂಡ ಕಾರಣ ಆಗಬಹುದು. ಎಲ್ಲದಕ್ಕೂ ದುಂಬಿಯನ್ನೇ ದೂರಬೇಡಿ.

ದೂರದ ಹೊಸ ತೋಟಕ್ಕೆ ದುಂಬಿ ತಾನಾಗಿ ಬಂದಿರಲಿಕ್ಕಿಲ್ಲ. ಹಳೆಯ ತೋಟದಿಂದ ದುಂಬಿ ತುಂಬಿದ ಗಂಡು ಹೊಂಬಾಳೆ ಕತ್ತರಿಸಿ ತಂದು ಹೊಸ ತೋಟದಲ್ಲಿ ಇಡುವುದು ರೂಢಿಯಲ್ಲಿರುವ ಕ್ರಮ. ಯಾವ ವರ್ಷ, ಯಾವ ತೋಟದಿಂದ ತಂದರು ಎಂದು ರೈತರನ್ನು ಕೇಳಿ ಬರೆದುಕೊಳ್ಳಿ. ‘ಅಣ್ಣಾ, ಈ ಹುಳ ಎಲ್ಲಿಂದ ಬಂತು?’ ಎಂಬ ಒಂದು ಪ್ರಶ್ನೆಗೆ ಸಿಗುವ ಉತ್ತರ ಹತ್ತು ದಿನದ ಎಣಿಕೆಗಿಂತ ಜಾಸ್ತಿ ಹೇಳುತ್ತದೆ. ನೀವೇ ತರಬೇಕೆಂದಿದ್ದರೆ ಮಾತ್ರ ಇಲಾಖೆಯವರನ್ನು ಕೇಳಿ ಮಾಡಿ. ಹೊಂಬಾಳೆಯ ಜೊತೆ ರೋಗವೂ ಬರಬಹುದು.

ಹೆಜ್ಜೆ 9: ಮಾದರಿ ಮತ್ತು ಚೀಟಿ

ಪ್ರತಿ ತೋಟದಿಂದ ಐದಾರು ದುಂಬಿಗಳನ್ನು ಆಲ್ಕೋಹಾಲಿನ ಶೀಶೆಯಲ್ಲಿಡಿ. ಗಂಡು ಹೆಣ್ಣು ಎರಡೂ ಇರಲಿ. ಅನುಮಾನ ಇದ್ದ ಮಾದರಿಯನ್ನು ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದವರಿಗೋ ಹತ್ತಿರದ ಕೃಷಿ ಅಥವಾ ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗಕ್ಕೋ ತೋರಿಸಬಹುದು. ಎಣ್ಣೆ ತಾಳೆಯದೇ ಸಂಶೋಧನಾ ಸಂಸ್ಥೆ ಆಂಧ್ರದ ಪೆದವೇಗಿಯಲ್ಲಿದೆ. ಮೊದಲು ಪತ್ರ ಬರೆದು ಒಪ್ಪಿಗೆ ಪಡೆದು ಕಳಿಸಿ. ಕಾಡಿನಲ್ಲಿ ಹುಡುಕುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಹೊರದೇಶದ ತಜ್ಞರಿಗೆ ಮಾದರಿ ಕಳಿಸುವುದಕ್ಕೆ ಜೀವವೈವಿಧ್ಯ ಕಾಯ್ದೆ ಅಡ್ಡ ಬರುತ್ತದೆ. ಫೋಟೋ ಕಳಿಸಿ, ದುಂಬಿ ಬೇಡ.

ಫೋಟೋಗಳನ್ನು ಐ-ನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ, ಜೀವಿಗಳ ದಾಖಲೆ ಇಡುವ ಜಾಲತಾಣಕ್ಕೆ ಹಾಕಿ. ಒಂದು ಫೋಟೋ ಪಕ್ಕದಿಂದ, ಮೂತಿ ಕಾಣುವಂತೆ. ಒಂದು ಬೆನ್ನಿನಿಂದ. ಒಂದು ಇಡೀ ಹೊಂಬಾಳೆ, ಗಂಡೋ ಹೆಣ್ಣೋ ತಿಳಿಯುವಂತೆ. ತೋಟದವರು ಬೇಡ ಎಂದರೆ ನಿಖರ ಜಾಗವನ್ನು ಮರೆಮಾಡುವ ಆಯ್ಕೆಯನ್ನು ಒತ್ತಿ.

ಶೀಶೆಯ ಒಳಗೆ ಹಾಕುವ ಚೀಟಿಯಲ್ಲಿ ಊರು, ತಾಲ್ಲೂಕು, ಅಕ್ಷಾಂಶ–ರೇಖಾಂಶ, ತಾರೀಕು, ಗಿಡ, ಹೂವು ಗಂಡೋ ಹೆಣ್ಣೋ, ಕಂಡದ್ದೋ ಹುಟ್ಟಿದ್ದೋ, ಹಿಡಿದವರ ಹೆಸರು, ಇಷ್ಟು ಇರಲಿ. ಪೆನ್ಸಿಲ್‌ನಲ್ಲೇ ಬರೆಯಿರಿ. ಬಾಲ್ ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿ, ಒಂದೇ ವಾರದಲ್ಲಿ ನೀಲಿ ನೀರಿನಲ್ಲಿ ತೇಲುವ ಊರಿಲ್ಲದ ದುಂಬಿಗಳು ಉಳಿಯುತ್ತವೆ. ನನ್ನ ಹತ್ತಿರ ಅಂಥ ಶೀಶೆ ಇನ್ನೂ ನಾಲ್ಕು ಇವೆ.